ಉಪ್ಪಿಲ್ಲದ ಮುರುಗಲ ಸಿಪ್ಪೆ: 2025ರ ಬೇಸಿಗೆಯ ಒಂದು ದಾಖಲೆ

ಶಿರಸಿ ತಾಲ್ಲೂಕಿನ ನಮ್ಮ ಮನೆಗೆ ಒಣ ಮುರುಗಲ ಸಿಪ್ಪೆ ಹೊಸದೇನಲ್ಲ. ಕರಾವಳಿಯವರು ಪುನರ್ಪುಳಿ ಎನ್ನುವ, ಅಂಗಡಿಯವರು ಕೋಕಂ ಎಂದು ಮಾರುವ ಈ ಹಣ್ಣಿನ ಸಿಪ್ಪೆಯನ್ನು ನೆನೆಸಿದ ನೀರು, ಪಿತ್ತ ಕೆರಳಿದಾಗಲೂ ಮೈಮೇಲೆ ಪಿತ್ತದ ಗಂಧೆ ಎದ್ದಾಗಲೂ ನಮ್ಮಲ್ಲಿ ಮೊದಲು ನೆನಪಾಗುವ ಮದ್ದು. ಆದರೆ ಆಯಿಗೆ, ಅಂದರೆ ನನ್ನ ಅಮ್ಮನಿಗೆ, ರಕ್ತದೊತ್ತಡ ಹೆಚ್ಚಿ, ಊಟದಲ್ಲಿ ಉಪ್ಪನ್ನು ಕಡಿಮೆ ಮಾಡಬೇಕೆಂದು ವೈದ್ಯರು ಹೇಳಿದ ಮೇಲೆ ಈ ನೀರಿಗೂ ತೊಡಕು ಬಂದಿತು. ಪೇಟೆಯಿಂದ ತಂದ ಸಿಪ್ಪೆಯ ಮೇಲೆ ಉಪ್ಪಿನ ಹರಳುಗಳು ಕಣ್ಣಿಗೇ ಕಾಣುತ್ತಿದ್ದವು. ಮೂರು ಸಲ ತೊಳೆದರೆ ಉಪ್ಪು ಹೋಗುತ್ತಿತ್ತು, ಅದರೊಂದಿಗೆ ಹುಳಿಯೂ ಬಣ್ಣವೂ ಹೋಗುತ್ತಿದ್ದವು. ನಮ್ಮ ಸೊಪ್ಪಿನ ಬೆಟ್ಟದಲ್ಲಿಯೇ ನಾಲ್ಕು ಮುರುಗಲ ಮರಗಳಿರುವಾಗ ಉಪ್ಪು ಹಾಕದ ಸಿಪ್ಪೆಯನ್ನು ಮನೆಯಲ್ಲಿಯೇ ಒಣಗಿಸುವುದು ಒಂದು ವಾರದ ಕೆಲಸವೆಂದು ನಾನು ಲೆಕ್ಕ ಹಾಕಿದ್ದೆ. ಅದು ಮೇ ತಿಂಗಳ ಆರಂಭದಿಂದ ಜೂನ್ ಮೂರನೆಯ ವಾರದವರೆಗೆ ಎಳೆಯಿತು. ಒಟ್ಟು ಹದಿನಾಲ್ಕು ಕಿಲೋ ಹಣ್ಣಿನಿಂದ, ಬೇಕಾದಂಥ ಸಿಪ್ಪೆ ಕೊನೆಗೆ ಕೈಗೆ ಸಿಕ್ಕಿದ್ದು ಅರ್ಧ ಕಿಲೋವೂ ಇಲ್ಲ.

ಹಾಳಾದ ಪ್ರತಿಯೊಂದು ಕಂತಿನ ಹಿಂದೆಯೂ ಒಂದು ತಪ್ಪಿದೆ. ಅವುಗಳನ್ನು ಆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಮೇ 3, ಶನಿವಾರ: ಮೊದಲ ಕಂತು

ಬೆಳಿಗ್ಗೆ ದೋಟಿಗೆ ಸಣ್ಣ ಬಲೆ ಕಟ್ಟಿಕೊಂಡು ಹೋಗಿ 6 ಕಿಲೋ 200 ಗ್ರಾಂ ಹಣ್ಣು ಇಳಿಸಿದೆ. ನೆಲಕ್ಕೆ ಬಿದ್ದದ್ದನ್ನು ಆರಿಸಲಿಲ್ಲ, ಏಕೆಂದರೆ ಬಿದ್ದ ಹಣ್ಣಿನ ಸಿಪ್ಪೆ ಒಡೆದು ಇರುವೆ ಹೊಕ್ಕಿರುತ್ತದೆ. ಕಪ್ಪಿಗೆ ಹತ್ತಿರವಾದ ಕೆಂಪು ಬಣ್ಣಕ್ಕೆ ತಿರುಗಿದ, ಬೆರಳಿನಿಂದ ಒತ್ತಿದರೆ ತುಸು ತಗ್ಗುವ ಹಣ್ಣುಗಳೇ ಸರಿಯಾದವು. ಅರೆ ಕೆಂಪಾದವುಗಳ ಸಿಪ್ಪೆ ಒಣಗಿದ ಮೇಲೆ ಮಂಕಾದ ಕಂದು ಬಣ್ಣಕ್ಕೆ ಬರುತ್ತದೆ.

ತೊಳೆದು, ನೀರು ಆರಿಸಿ, ಎರಡು ಹೋಳು ಮಾಡಿ, ಬೀಜಸಹಿತ ತಿರುಳನ್ನು ತೆಗೆದು ತೂಗಿದಾಗ ಸಿಪ್ಪೆ 3 ಕಿಲೋ 100 ಗ್ರಾಂ, ತಿರುಳು ಮತ್ತು ಬೀಜ 2 ಕಿಲೋ 800 ಗ್ರಾಂ ಬಂದವು. ಉಳಿದದ್ದು ತೊಟ್ಟು ಮತ್ತು ಹುಳುಕು. ಹೆಚ್ಚಲು ಅಭ್ಯಾಸಬಲದಿಂದ ಮೆಟ್ಟುಗತ್ತಿಯನ್ನೇ ತೆಗೆದುಕೊಂಡದ್ದು ಮೊದಲ ತಪ್ಪು. ಇಪ್ಪತ್ತು ಹಣ್ಣು ಹೆಚ್ಚುವಷ್ಟರಲ್ಲಿ ಕಬ್ಬಿಣದ ಅಲಗು ಕಪ್ಪಾಗಿ, ಹೋಳುಗಳ ಅಂಚಿಗೂ ಶಾಯಿ ಹಚ್ಚಿದಂತೆ ನೀಲಿಗಪ್ಪು ಗೆರೆ ಮೂಡಿತು. ಕೂಡಲೇ ಸ್ಟೀಲ್ ಚಾಕುವಿಗೆ ಬದಲಾಯಿಸಿದೆ. ಇಷ್ಟು ಕಂಡ ಮೇಲೂ ಬುದ್ಧಿ ಬಾರದೆ, ಕೋಳಿಗೂಡಿಗೆಂದು ತಂದು ಉಳಿದಿದ್ದ ಸತುವಿನ ಲೇಪದ ತಂತಿಬಲೆಯನ್ನು ಚೌಕಟ್ಟಿಗೆ ಬಿಗಿದು, 1 ಕಿಲೋ 400 ಗ್ರಾಂ ಸಿಪ್ಪೆಯನ್ನು ಅದರ ಮೇಲೆ ಹರಡಿದೆ. ಗಾಳಿ ಕೆಳಗಿನಿಂದಲೂ ಆಡಲಿ ಎಂಬುದು ನನ್ನ ಯೋಚನೆಯಾಗಿತ್ತು. ಉಳಿದ 1 ಕಿಲೋ 700 ಗ್ರಾಂ ಸಿಪ್ಪೆಯನ್ನು ಆಯಿ ಎರಡು ಬಿದಿರಿನ ಗೆರಸಿಗಳಲ್ಲಿ ತನ್ನ ಪದ್ಧತಿಯಂತೆ ಹರಡಿದಳು.

ಮೇ 5: ತಂತಿಬಲೆಯ ಕಂತು ತಿಪ್ಪೆಗೆ

ಎರಡನೆಯ ದಿನ ಸಂಜೆ ತಂತಿಬಲೆಯ ಮೇಲಿದ್ದ ಸಿಪ್ಪೆಗಳನ್ನು ಮಗುಚಿದಾಗ, ಪ್ರತಿಯೊಂದು ಹೋಳಿನ ಬೆನ್ನಿನ ಮೇಲೂ ತಂತಿಯ ಚೌಕಗಳು ಬೂದಿ ಬಣ್ಣದಲ್ಲಿ ಅಚ್ಚೊತ್ತಿದ್ದವು. ಸಿಪ್ಪೆ ತಗುಲಿದ ಕಡೆಯಲ್ಲೆಲ್ಲ ತಂತಿಯ ಹೊಳಪು ಹೋಗಿತ್ತು. ಮುರುಗಲ ಹುಳಿ ಲೋಹವನ್ನು ಕರಗಿಸುವಷ್ಟು ತೀಕ್ಷ್ಣವಾದುದು. ಕರಗಿದ ಸತು ಹೋಗಿ ಸೇರುವುದು ಸಿಪ್ಪೆಯೊಳಕ್ಕೇ. ಒಂದು ಹೋಳನ್ನು ನಾಲಿಗೆಯ ತುದಿಗೆ ಮುಟ್ಟಿಸಿದಾಗ ಹಳೆಯ ನಾಣ್ಯ ನೆಕ್ಕಿದಂಥ ರುಚಿ ಬಂದಿತು. ತೊಳೆದು ಉಳಿಸಿಕೊಳ್ಳುವ ಪ್ರಯತ್ನ ಮಾಡದೆ 1 ಕಿಲೋ 400 ಗ್ರಾಂನ ಇಡೀ ಕಂತನ್ನು ಎಸೆದೆ. ದಿನವೂ ಸೇವಿಸಬೇಕಾದ ವಸ್ತುವಿನ ವಿಷಯದಲ್ಲಿ ಸಂಶಯದ ಲಾಭವನ್ನು ಸಿಪ್ಪೆಗೆ ಕೊಡಲಾಗದು. ಅಲ್ಯೂಮಿನಿಯಂ ತಟ್ಟೆ, ಹಿತ್ತಾಳೆ ಪಾತ್ರೆ, ತಾಮ್ರದ ತಂಬಿಗೆ ಇವೆಲ್ಲಕ್ಕೂ ಇದೇ ಮಾತು ಅನ್ವಯಿಸುತ್ತದೆ. ಬಿದಿರು, ಅಡಿಕೆ ದಬ್ಬೆ (ಅಡಿಕೆ ಮರದ ಸೀಳು), ಗಾಜು, ಪಿಂಗಾಣಿ, ಒಳ್ಳೆಯ ಸ್ಟೀಲ್ ಇವಿಷ್ಟೇ ಮುರುಗಲಿಗೆ ಹೊಂದುವಂಥವು.

ಮೇ 9: ಕೈಗೆ ಒಣಗಿದ ಸಿಪ್ಪೆ

ಗೆರಸಿಯ ಕಂತು ಆರು ಬಿಸಿಲು ಕಂಡಿತ್ತು. ದಿನವೂ ಬೆಳಿಗ್ಗೆ ಒಂಬತ್ತಕ್ಕೆ ಹೊರಗಿಟ್ಟು, ಮಧ್ಯಾಹ್ನ ಒಮ್ಮೆ ಮಗುಚಿ, ಇಬ್ಬನಿ ಬೀಳುವ ಮೊದಲು ಒಳಗೆ ತರುತ್ತಿದ್ದೆವು. ಆ ದಿನ ತೂಗಿದಾಗ 342 ಗ್ರಾಂ ಇತ್ತು, ಅಂದರೆ ಹಸಿ ತೂಕದ ಐದನೆಯ ಒಂದು ಪಾಲು. ಸಿಪ್ಪೆ ಮುದುಡಿ, ಚರ್ಮದಂತೆ ಬಾಗುತ್ತ, ಕೈಗೆ ಅಂಟದೆ ಇತ್ತು. ಸಾಕೆಂದು ನನಗೆ ಅನ್ನಿಸಿತು. ಆಯಿ ದಪ್ಪದ ಹೋಳೊಂದನ್ನು ಹಿಡಿದು, ಮಡಿಸಿ, ಮಡಿಕೆಯನ್ನು ಉಗುರಿನಿಂದ ಒತ್ತಿ, “ತಮಾ, ಇದು ಇನ್ನೂ ಒಣಗಿದ್ದಿಲ್ಲೆ” ಎಂದಳು. ಮರುದಿನದಿಂದ ನನಗೆ ಬೇರೆ ಕೆಲಸವಿದ್ದ ಕಾರಣ ನಾನು ಅದನ್ನು ಗಾಜಿನ ಬಾಟಲಿಗೆ ತುಂಬಿ, ತಗಡಿನ ಮುಚ್ಚಳ ಬಿಗಿದು, ಕಪಾಟಿನಲ್ಲಿಟ್ಟುಬಿಟ್ಟೆ.

ಇಲ್ಲಿಯ ತೊಡಕೇನೆಂದರೆ, ಮುರುಗಲ ಸಿಪ್ಪೆ ಎಷ್ಟೇ ಒಣಗಿದರೂ ಹಪ್ಪಳದಂತೆ ಗರಿಗರಿಯಾಗುವುದಿಲ್ಲ. ಹಲಸಿನ ಹಪ್ಪಳ ಮುರಿದು ನೋಡಿದರೆ ತಿಳಿಯುತ್ತದೆ, ಅಡಿಕೆ ಕುಲುಕಿದರೆ ಸದ್ದಿನಿಂದ ತಿಳಿಯುತ್ತದೆ. ಇದು ಮಾತ್ರ ಒಣಗಿದಾಗಲೂ ಬಾಗುತ್ತದೆ, ಕಾಲು ಭಾಗ ನೀರು ಉಳಿದಿರುವಾಗಲೂ ಬಹುಮಟ್ಟಿಗೆ ಹಾಗೆಯೇ ಬಾಗುತ್ತದೆ. ಉಪ್ಪು ಹಾಕಿದ ಸಿಪ್ಪೆಯಾದರೆ ಇಷ್ಟು ಹಸಿ ಉಳಿದರೂ ಉಪ್ಪೇ ಕಾಯುತ್ತದೆ. ನಮ್ಮದಕ್ಕೆ ಆ ಕಾವಲಿರಲಿಲ್ಲ.

ಮೇ 8ರಿಂದ 10: ಪೆಟ್ಟಿಗೆ

ಬಿಸಿಲನ್ನೇ ನಂಬಿದರೆ ಮೇ ತಿಂಗಳ ಮಳೆ ಯಾವ ಸಂಜೆಯಾದರೂ ಕೈಕೊಡುತ್ತದೆಂದು ಗಾಜಿನ ಮುಚ್ಚಳದ ಬಿಸಿಲ ಪೆಟ್ಟಿಗೆಯೊಂದನ್ನು ಮಾಡಿಸಿದೆ. ಹಳೆಯ ಮನೆಯ ಕಿಟಕಿಯಿಂದ ತೆಗೆದಿಟ್ಟ ಗಾಜಿನ ಬಾಗಿಲೊಂದು ಅಟ್ಟದ ಮೇಲಿತ್ತು. ಅದರ ಅಳತೆ 4 ಅಡಿಗೆ 2 ಅಡಿ ಇದ್ದುದರಿಂದ ಪೆಟ್ಟಿಗೆಯೂ ಅಷ್ಟೇ ಆಯಿತು. ಮುಂದಿನ ಎತ್ತರ 8 ಇಂಚು, ಹಿಂದಿನದು 16 ಇಂಚು. ಒಳಗೆ ದಬ್ಬೆ ಹೆಣೆದ ಮೂರು ತಟ್ಟೆಗಳು, ಪ್ರತಿಯೊಂದೂ 15 ಇಂಚಿಗೆ 21 ಇಂಚು, ದಬ್ಬೆಗಳ ನಡುವೆ ಕಾಲಿಂಚು ಸಂದು. ದಬ್ಬೆಯನ್ನು ಸೀಳಿ, ಸಿಬಿರು ಕೆರೆದು, ಕುದಿನೀರು ಹೊಯ್ದು ಒಣಗಿಸಿ, ಹತ್ತಿಯ ಹುರಿಯಿಂದ ಕಟ್ಟಿದ್ದೇನೆ. ಮೊಳೆ ಎಲ್ಲಿಯೂ ಸಿಪ್ಪೆಗೆ ತಗುಲುವುದಿಲ್ಲ.

ಖರ್ಚು ಹೀಗಾಯಿತು: 12 ಮಿಲಿಮೀಟರ್ ಪ್ಲೈವುಡ್ ತುಂಡುಗಳಿಗೆ 380 ರೂಪಾಯಿ, ತಿರುಗಣಿಗೆ 90, ಸ್ಕ್ರೂಗಳಿಗೆ 60, ಹೊಳಪಿಲ್ಲದ ಕಪ್ಪು ಬಣ್ಣಕ್ಕೆ 160, ಬಡಗಿಯ ಅರ್ಧ ದಿನದ ಕೂಲಿ 600, ತಂತಿಯ ತುದಿಯಲ್ಲಿ ಕಡ್ಡಿಯಿರುವ ಉಷ್ಣಮಾಪಕಕ್ಕೆ 250, ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ತಕ್ಕಡಿಗೆ 480. ಆಮೇಲೆ ಸೇರಿದ ನಾಲ್ಕು ಬಲ್ಬು ಮತ್ತು ಹೋಲ್ಡರುಗಳ 220 ರೂಪಾಯಿಯನ್ನು ಕೂಡಿಸಿದರೆ ಒಟ್ಟು 2,240. ಇಷ್ಟು ದುಡ್ಡಿಗೆ ಪೇಟೆಯಲ್ಲಿ ಎಷ್ಟು ಸಿಪ್ಪೆ ಬರುತ್ತಿತ್ತೆಂದು ಅಪ್ಪಯ್ಯ ಕೇಳಿದರು. ಆ ಲೆಕ್ಕವನ್ನು ಇಲ್ಲಿ ಬರೆಯುವುದಿಲ್ಲ.

ಮೇ 11, ಭಾನುವಾರ: ಎಪ್ಪತ್ತನಾಲ್ಕು ಡಿಗ್ರಿ

ಎರಡನೆಯ ಕಂತಿಗೆ 8 ಕಿಲೋ ಹಣ್ಣು ತಂದೆ, ಸಿಪ್ಪೆ 4 ಕಿಲೋ 100 ಗ್ರಾಂ ಬಂದಿತು. ಮೊದಲು 1 ಕಿಲೋವನ್ನು ಮಾತ್ರ ಪೆಟ್ಟಿಗೆಯೊಳಗೆ ಹರಡಿ ನೋಡಿದೆ. ಗಾಳಿಗೆಂದು ಮುಂದುಗಡೆ ನಾಲ್ಕೇ ತೂತು ಕೊರೆಸಿದ್ದೆ. ಹೆಚ್ಚು ತೂತಿದ್ದರೆ ಶಾಖ ಸೋರಿಹೋಗುತ್ತದೆಂಬುದು ನನ್ನ ತರ್ಕವಾಗಿತ್ತು. ಮಧ್ಯಾಹ್ನ ಒಂದು ಗಂಟೆಗೆ ಒಳಗಿನ ಉಷ್ಣತೆ 74 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಗಾಜಿನ ಒಳಮೈಯಲ್ಲಿ ನೀರಿನ ಹನಿಗಳು ಕಟ್ಟಿ, ಜಾರಿ, ಮುಂದಿನ ಸಾಲಿನ ಸಿಪ್ಪೆಯ ಮೇಲೆ ತೊಟ್ಟಿಕ್ಕುತ್ತಿದ್ದವು. ಪೆಟ್ಟಿಗೆ ತೆರೆದಾಗ ಬೆಲ್ಲ ಕಾಯಿಸಿದಂಥ ವಾಸನೆ ಬಂದಿತು.

ಸಂಜೆಯ ಹೊತ್ತಿಗೆ ಹೊರಮೈ ಗಟ್ಟಿಯಾಗಿ, ಕಂದಾಗಿ, ಮುಟ್ಟಿದರೆ ಪೂರ್ತಿ ಒಣಗಿದಂತೆ ಕಾಣುತ್ತಿತ್ತು. ಒಂದು ದಪ್ಪ ಹೋಳನ್ನು ಚಾಕುವಿನಿಂದ ಅಡ್ಡಕ್ಕೆ ಸೀಳಿದರೆ ನಡುವೆ ಹಸಿಹಸಿಯಾದ ಕೆಂಪು ಪದರ ಹಾಗೆಯೇ ಇದ್ದು, ಒತ್ತಿದಾಗ ರಸ ಒಸರಿತು. ಶಾಖ ಒಮ್ಮೆಲೇ ಏರಿದರೆ ಹೊರಗಿನ ತೊಗಲು ಮುಚ್ಚಿಕೊಂಡು ಒಳಗಿನ ನೀರಿಗೆ ದಾರಿ ತಪ್ಪುತ್ತದೆ. ಮುಂದಿನ ಮೂರು ದಿನ ಬಿಸಿಲಿಗಿಟ್ಟರೂ ಅದು ಸರಿಯಾಗಲಿಲ್ಲ. ಆ ಕಿಲೋವನ್ನು ಸಾರಿಗೆ ಹಾಕಿ ಮುಗಿಸಿದೆವು. ಹುಳಿ ಇತ್ತು, ಬಣ್ಣವಿರಲಿಲ್ಲ.

ಮರುದಿನ ಮುಂದುಗಡೆ ಕೆಳಗೆ ಒಂದಿಂಚಿನ ತೂತುಗಳನ್ನು ಹನ್ನೆರಡಕ್ಕೆ ಏರಿಸಿ, ಹಿಂದುಗಡೆ ಮೇಲ್ತುದಿಯಲ್ಲಿ 20 ಇಂಚು ಉದ್ದ, ಒಂದೂವರೆ ಇಂಚು ಅಗಲದ ಸೀಳು ಕೊಯ್ಯಿಸಿದೆ. ನೊಣ ಹೊಗದಂತೆ ಎರಡಕ್ಕೂ ಸೊಳ್ಳೆಪರದೆಯ ಬಟ್ಟೆ ಹೊಡೆದದ್ದಾಯಿತು. ಉಷ್ಣತೆ 52ರಿಂದ 58ರ ನಡುವೆ ನಿಂತಿತು, ಗಾಜಿನ ಬೆವರು ನಿಂತಿತು. ಶಾಖ ಕಡಿಮೆಯಾದ ಮೇಲೆ ಒಣಗುವುದು ಬೇಗವಾಯಿತು ಎಂಬುದನ್ನು ತಕ್ಕಡಿ ತೋರಿಸದೆ ಇದ್ದಿದ್ದರೆ ನಾನು ನಂಬುತ್ತಿರಲಿಲ್ಲ. ನೇರ ಬಿಸಿಲಿಗೆ ಬಣ್ಣ ಮಾಸುವುದನ್ನು ಕಂಡು, ಸಿಪ್ಪೆಯ ಮೇಲೆ ತೆಳುವಾದ ಹಳೆಯ ಬಿಳಿ ಪಂಚೆಯೊಂದನ್ನು ಹೊದಿಸಿದೆ. ಹೊದಿಕೆಯಡಿಯ ಹೋಳುಗಳು ಕಡುಕೆಂಪಾಗಿಯೇ ಉಳಿದವು. ಪಂಚೆ ಇನ್ನು ಪಂಚೆಯಾಗಿ ಬಳಕೆಗೆ ಬಾರದು.

ಮೇ 12ರಿಂದ 19: ರಸ ಕುಡಿಸುವುದು

ಉಳಿದ 3 ಕಿಲೋ 100 ಗ್ರಾಂ ಸಿಪ್ಪೆಗೆ ಹಳೆಯ ಪದ್ಧತಿಯಂತೆ ರಸ ಕುಡಿಸಿದೆ. ತಿರುಳು ಮತ್ತು ಬೀಜಕ್ಕೆ ಉಪ್ಪು ಬೆರೆಸಿಟ್ಟರೆ ಅದು ನೀರೊಡೆದು ರಸ ಬಿಡುತ್ತದೆ. ಅರೆ ಒಣಗಿದ ಸಿಪ್ಪೆಯನ್ನು ಆ ರಸದಲ್ಲಿ ಅದ್ದಿ, ಮತ್ತೆ ಒಣಗಿಸಿ, ಹೀಗೆ ಮೂರರಿಂದ ಐದು ಸಲ ಮಾಡುವುದರಿಂದ ಸಿಪ್ಪೆ ದಪ್ಪಗಾಗಿ ಹುಳಿಯೂ ಹೊಳಪೂ ಏರುತ್ತವೆ. ಉಪ್ಪಿಲ್ಲದೆ ರಸ ತಾನಾಗಿ ಇಳಿಯದ ಕಾರಣ ತಿರುಳನ್ನು ಕೈಯಿಂದ ಕಿವುಚಿ, ಬಟ್ಟೆಯಲ್ಲಿ ಹಿಂಡಿ ತೆಗೆದೆ. ಉಗುರಿನ ಕೆಂಪು ಹೋಗಲು ಒಂದು ವಾರ ಬೇಕಾಯಿತು.

ಇಲ್ಲಿಯೂ ಒಂದು ಎಡವಟ್ಟು. ಮೊದಲ ಅದ್ದಿಕೆಯ ನಂತರ ಉಳಿದ ರಸವನ್ನು ಪಿಂಗಾಣಿ ಭರಣಿಯಲ್ಲಿ ಅಡುಗೆಮನೆಯ ಮೂಲೆಗಿಟ್ಟು ಮಲಗಿದ್ದೆ. ಬೆಳಿಗ್ಗೆ ಅದರ ಮೇಲೆ ಸಣ್ಣ ಗುಳ್ಳೆಗಳೆದ್ದು, ಕಳ್ಳಿನ ವಾಸನೆ ಬರುತ್ತಿತ್ತು. ಉಪ್ಪಿದ್ದಿದ್ದರೆ ಮಾರನೆಯ ದಿನಕ್ಕೂ ಅದು ನಿಲ್ಲುತ್ತಿತ್ತು. ಆ ರಸವನ್ನು ಚೆಲ್ಲಿ, ಫ್ರಿಜ್ಜಿನಲ್ಲಿಟ್ಟಿದ್ದ ಉಳಿದ ತಿರುಳಿನಿಂದ ಅದ್ದುವ ದಿನವೇ ಬೇಕಾದಷ್ಟು ಮಾತ್ರ ಹಿಂಡಿಕೊಂಡೆ. ಹೀಗೆ 14, 16 ಮತ್ತು 18ನೆಯ ತಾರೀಕು ಒಟ್ಟು ಮೂರು ಸಲ ಅದ್ದಿದ್ದಾಯಿತು, ಪ್ರತಿ ಸಲವೂ ಹತ್ತು ನಿಮಿಷ. ಅರ್ಧ ಗಂಟೆ ನೆನೆಸಿದ ಒಂದು ಹಿಡಿ ಸಿಪ್ಪೆ ಮತ್ತೆ ಹಸಿಯಾಗಿ, ಎರಡು ದಿನದ ಬಿಸಿಲು ವ್ಯರ್ಥವಾಯಿತು.

ಬೀಜವನ್ನು ಎಸೆಯಲಿಲ್ಲ. ತೊಳೆದು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿ ಆಯಿ ಮುರುಗಲ ತುಪ್ಪ ತೆಗೆದಳು. ಹಿಮ್ಮಡಿಯ ಒಡಕಿಗೆ ವರ್ಷಕ್ಕೆ ಸಾಕಾಗುವಷ್ಟು ಬಂದಿದೆ.

ಮೇ 18: ಬಾಟಲಿಯೊಳಗೆ ಬಿಳಿ ನೂಲು

ಮೂರನೆಯ ಅದ್ದಿಕೆಯ ದಿನವೇ, ಒಂಬತ್ತು ದಿನಗಳ ಹಿಂದೆ ತುಂಬಿಟ್ಟ ಬಾಟಲಿಯನ್ನು ತೆಗೆದೆ. ಗಾಜಿಗೆ ತಗುಲಿದ್ದ ನಾಲ್ಕಾರು ಹೋಳುಗಳ ಮಡಿಕೆಯಲ್ಲಿ, ಸರಿಯಾಗಿ ಆಯಿ ಉಗುರು ಒತ್ತಿ ತೋರಿಸಿದ್ದಂಥ ಜಾಗದಲ್ಲಿ, ಜೇಡನ ನೂಲಿನಂಥ ಬಿಳಿ ಬೂಷ್ಟು ಹಬ್ಬಿತ್ತು. ತಗಡಿನ ಮುಚ್ಚಳದ ಒಳಮೈಗೆ ತುಕ್ಕು ಹಿಡಿದು, ಅದರ ಕೆಂಪು ನೀರು ಬಾಟಲಿಯ ಕೊರಳಿಗಿಳಿದಿತ್ತು. ಬೂಷ್ಟು ಹಿಡಿದಷ್ಟನ್ನು ತೆಗೆದು ಉಳಿದದ್ದನ್ನು ಮತ್ತೆ ಬಿಸಿಲಿಗೆ ಹಾಕಬಹುದಲ್ಲ ಎಂದು ಪಕ್ಕದ ಮನೆಯ ಭಾವ ಹೇಳಿದರು. ಕಣ್ಣಿಗೆ ಕಾಣುವ ಬೂಷ್ಟಿನ ಆಚೆಗೂ ಅದರ ಎಳೆಗಳು ಹರಡಿರುತ್ತವೆ, ಬಿಸಿಲಿಗೆ ಬೂಷ್ಟು ಸತ್ತರೂ ಅದು ಉಗುಳಿದ ವಿಷ ಉಳಿಯಬಹುದು. 342 ಗ್ರಾಂ ಅಷ್ಟೂ ಗೊಬ್ಬರದ ಗುಂಡಿಗೆ ಹೋಯಿತು.

ಅಂದು ಕುಳಿತು ಲೆಕ್ಕ ಹಾಕಿದೆ. ಇದೇ ಹಣ್ಣಿನ ಹಸಿ ಸಿಪ್ಪೆಯ ಒಂದು ನೂರು ಗ್ರಾಂ ತೆಗೆದು, ತೂಕ ಇನ್ನು ಇಳಿಯುವುದಿಲ್ಲ ಎನ್ನುವವರೆಗೆ ಒಣಗಿಸಿ ನೋಡಿದ್ದೆ. 15 ಗ್ರಾಂಗೆ ನಿಂತಿತ್ತು. ಹಾಗಾದರೆ ಗೆರಸಿಯ 1,700 ಗ್ರಾಂ ಹಸಿ ಸಿಪ್ಪೆಯಲ್ಲಿ ನೀರು ಬಿಟ್ಟು ಉಳಿಯುವ ಸತ್ವ 255 ಗ್ರಾಂ. ನಾನು ತುಂಬಿಟ್ಟದ್ದು 342 ಗ್ರಾಂ, ಅಂದರೆ ಅದರಲ್ಲಿ ನಾಲ್ಕನೆಯ ಒಂದು ಪಾಲು ನೀರೇ ಇತ್ತು. 290 ಗ್ರಾಂಗೆ ಇಳಿಯುವ ತನಕ ಬಿಡಬೇಕಿತ್ತು, ಬಹುಶಃ ಇನ್ನು ಎರಡು ಒಳ್ಳೆಯ ಬಿಸಿಲು ಸಾಕಾಗುತ್ತಿತ್ತು. ಆಯಿಯ ಉಗುರಿಗೆ ತಿಳಿದದ್ದು ನನಗೆ ತಿಳಿಯಲು ತಕ್ಕಡಿ ಬೇಕಾಯಿತು.

ಅಂದಿನಿಂದ ಒಂದು ಸಾಕ್ಷಿ ಪೊಟ್ಟಣ ಮಾಡಿಕೊಂಡೆ. ತಟ್ಟೆಯ ಅತಿ ದಪ್ಪದ ಹೋಳುಗಳನ್ನು ಆರಿಸಿ, ಸೊಳ್ಳೆಪರದೆಯ ಸಣ್ಣ ಚೀಲದಲ್ಲಿ ಕಟ್ಟಿ, ಬೇರೆ ಸಿಪ್ಪೆಯ ನಡುವೆಯೇ ಇಟ್ಟಿರುವುದು. ಇಡೀ ತಟ್ಟೆಯನ್ನು ತೂಗುವ ಬದಲು ಅದೊಂದನ್ನೇ ಮೂರು ಗಂಟೆಗೊಮ್ಮೆ ತೂಗಿದರೆ ಸಾಕು. ಎರಡು ತೂಕಗಳ ನಡುವಿನ ಅಂತರ ನೂರಕ್ಕೆ ಒಂದಕ್ಕಿಂತ ಕಡಿಮೆಯಾಗುವವರೆಗೆ ಪೆಟ್ಟಿಗೆಯಿಂದ ತೆಗೆಯಬಾರದೆಂಬ ನಿಯಮ ಹಾಕಿಕೊಂಡೆ.

ಮೇ 20ರಿಂದ 24: ಮಳೆ ಮತ್ತು ಒಡೆದ ಬಲ್ಬು

ಮೇ 20ರ ಮಧ್ಯಾಹ್ನ ಮೋಡ ಕಟ್ಟಿ ಹೊಯ್ಯತೊಡಗಿದ ಮಳೆ ಮತ್ತೆ ಬಿಡಲಿಲ್ಲ. ಆ ವರ್ಷ ಮುಂಗಾರು ಮೇ 24ರಂದೇ ಕೇರಳಕ್ಕೆ ಬಂದಿಳಿಯಿತು. ವಾಡಿಕೆಯ ಜೂನ್ 1ಕ್ಕಿಂತ ಒಂದು ವಾರ ಮೊದಲು ಬಂದು, 2009ರ ನಂತರದಲ್ಲಿ ಅತಿ ಬೇಗ ಕಾಲಿಟ್ಟ ಮುಂಗಾರು ಎನಿಸಿಕೊಂಡಿತು. ನಮ್ಮ ಕಡೆಯಂತೂ ಅದಕ್ಕೂ ಮೊದಲೇ ಬಿಸಿಲು ಮುಗಿದಿತ್ತು. ಸಿಪ್ಪೆ ಆಗ 1,080 ಗ್ರಾಂ ಇತ್ತು. ರಸ ಕುಡಿದು ಹೆಚ್ಚಿದ ಸತ್ವವನ್ನೂ ಹಿಡಿದರೆ ಅದು ಸುಮಾರು 635 ಗ್ರಾಂಗೆ ಇಳಿಯಬೇಕಿತ್ತು.

ಪೆಟ್ಟಿಗೆಯನ್ನು ಜಗುಲಿಗೆ ಎತ್ತಿ ತಂದು, ತಟ್ಟೆಗಳ ಕೆಳಗೆ 60 ವ್ಯಾಟಿನ ನಾಲ್ಕು ಹಳೆಯ ಮಾದರಿಯ ಬಲ್ಬುಗಳನ್ನು ಕೂರಿಸಿದೆ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು, ನಮಗೆ ಬೇಕಾದದ್ದು ಅದು ಉಳಿಸುವ ಶಾಖವೇ. ಒಂದು ಗಂಟೆಯಲ್ಲಿ 55 ಡಿಗ್ರಿಗೆ ಏರಿತು. ಸಮಾಧಾನದಿಂದ ಊಟಕ್ಕೆ ಕುಳಿತಿದ್ದಾಗ ಜಗುಲಿಯಿಂದ ‘ಟಪ್’ ಎಂಬ ಸದ್ದು ಬಂದಿತು. ಎಡಗಡೆಯ ತಟ್ಟೆಯಿಂದ ಜಿನುಗಿದ ರಸದ ಹನಿಯೊಂದು ಕಾದ ಬಲ್ಬಿನ ಮೇಲೆ ಬಿದ್ದು, ಗಾಜು ಸಿಡಿದು, ಚೂರುಗಳು ದಬ್ಬೆಯ ಸಂದಿನಿಂದ ಮೇಲಕ್ಕೆ ಹಾರಿ ಸಿಪ್ಪೆಯೊಳಗೆ ಸೇರಿದ್ದವು. ಕೆಲವು ಚೂರುಗಳು ಕಣ್ಣಿಗೆ ಬಿದ್ದವು. ಕಾಣದವು ಎಷ್ಟಿದ್ದವೆಂದು ಹೇಳುವಂತಿರಲಿಲ್ಲ. ಆ ತಟ್ಟೆಯ 350 ಗ್ರಾಂ ಅನ್ನು ಅನುಮಾನಕ್ಕೆ ಎಡೆಯಿಲ್ಲದೆ ಎಸೆದೆ. ಉಳಿದೆರಡು ತಟ್ಟೆಗಳನ್ನು ಒಂದೊಂದೇ ಹೋಳಿನಂತೆ ಬೆಳಕಿಗೆ ಹಿಡಿದು ಪರೀಕ್ಷಿಸಿದ್ದರಲ್ಲಿ ರಾತ್ರಿ ಹನ್ನೊಂದಾಯಿತು. ರಸ ತೊಟ್ಟಿಕ್ಕುವ ವಸ್ತುವಿನ ಕೆಳಗೆ, ಅದೂ ವಿದ್ಯುತ್ತಿನ ಹೋಲ್ಡರಿನ ನೇರಕ್ಕೆ, ಬಲ್ಬು ಇಡುವುದು ಶುದ್ಧ ಅವಿವೇಕ. ಬಲ್ಬು ಮಾತ್ರ ಹೋದದ್ದು ನಮ್ಮ ಪುಣ್ಯ.

ಮರುದಿನ ವ್ಯವಸ್ಥೆಯನ್ನು ಬದಲಾಯಿಸಿದೆ. ಉಳಿದ ಮೂರು ಬಲ್ಬುಗಳನ್ನು ದೊಡ್ಡ ಬಿಸ್ಕತ್ತಿನ ಡಬ್ಬಿಯೊಳಗೆ ಕೂರಿಸಿ, ಡಬ್ಬಿಯನ್ನು ಪೆಟ್ಟಿಗೆಯ ಹೊರಗೆ ಪಕ್ಕಕ್ಕಿಟ್ಟು, ಕೆಟ್ಟ ಕಂಪ್ಯೂಟರಿನಿಂದ ಬಿಚ್ಚಿದ ಸಣ್ಣ ಫ್ಯಾನು ಬಿಸಿಗಾಳಿಯನ್ನು ತೂತುಗಳ ಮೂಲಕ ಒಳಗೆ ತಳ್ಳುವಂತೆ ಮಾಡಿದೆ. ಉಷ್ಣತೆ 46 ಡಿಗ್ರಿಗಿಂತ ಮೇಲೇರಲಿಲ್ಲ, ಆದರೆ ಗಾಳಿ ಆಡುತ್ತಿದ್ದುದರಿಂದ ತೂಕ ಗಂಟೆಗಂಟೆಗೂ ಇಳಿಯಿತು. ವಿದ್ಯುತ್ ಬಂದು ಹೋಗಿ ಮಾಡುತ್ತಿದ್ದುದರಿಂದ 31 ಗಂಟೆಗಳ ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು. ಸುಮಾರು ಆರು ಯೂನಿಟ್ ಕರೆಂಟು ಹೋಯಿತು, ಯೂನಿಟ್ಟಿಗೆ ಆರು ರೂಪಾಯಿ ಎಂದಿಟ್ಟುಕೊಂಡರೆ 36 ರೂಪಾಯಿ. 24ರ ರಾತ್ರಿ ಸಾಕ್ಷಿ ಪೊಟ್ಟಣದ ತೂಕ 41 ಗ್ರಾಂಗೆ ಬಂದು, ಮೂರು ಗಂಟೆಯ ನಂತರವೂ 41ರಲ್ಲಿಯೇ ನಿಂತಿತು. ಪೊಟ್ಟಣವೂ ಸೇರಿ ಒಟ್ಟು 432 ಗ್ರಾಂ. ಎಸೆದ ತಟ್ಟೆಯನ್ನು ಕಳೆದು ನಾನು ಅಂದಾಜು ಮಾಡಿದ್ದ ತೂಕ 429.

ಮೇ 25ರಿಂದ 31: ಬಾಟಲಿಯ ಪರೀಕ್ಷೆ

ಈ ಸಲ ಅವಸರ ಮಾಡಲಿಲ್ಲ. ತಣ್ಣಗಾದ ಮೇಲೆ ಸಿಪ್ಪೆಯನ್ನು ಪ್ಲಾಸ್ಟಿಕ್ ಮುಚ್ಚಳದ ದೊಡ್ಡ ಗಾಜಿನ ಜಾಡಿಯಲ್ಲಿ ಮುಕ್ಕಾಲು ಭಾಗದವರೆಗೆ ತುಂಬಿ, ಒಂದು ವಾರ ದಿನಕ್ಕೆರಡು ಸಲ ಕುಲುಕಿದೆ. ದಪ್ಪ ಹೋಳಿನಲ್ಲಿ ಉಳಿದ ತೇವ ತೆಳು ಹೋಳಿಗೆ ಹಂಚಿಹೋಗಲು ಇಷ್ಟು ಕಾಲ ಬೇಕಾಗುತ್ತದೆ. ಬೆಳಿಗ್ಗೆ ಗಾಜಿನ ಒಳಮೈ ಮಬ್ಬಾಗಿ ಕಂಡರೆ ಅಥವಾ ಕುಲುಕಿದಾಗ ಹೋಳುಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಮತ್ತೆ ಪೆಟ್ಟಿಗೆಗೆ ಹಾಕಬೇಕು. ನಮ್ಮದು ಮಬ್ಬಾಗಲಿಲ್ಲ.

ಇದೇ ಸಮಯದಲ್ಲಿ ಮರದ ಕೊನೆಯ ಹಣ್ಣು ಒಂದಿಷ್ಟು ಬಂದಿತ್ತು. ಮಳೆನೀರು ಕುಡಿದು ಒಡೆದ ಆ ಹಣ್ಣಿನ ಸಿಪ್ಪೆಯನ್ನು ಅಪ್ಪಯ್ಯ ಅಡಿಕೆ ಒಣಗಿಸುವ ಒಲೆಯ ಅಟ್ಟದ ಮೇಲೆ ಹಾಕಿದರು. ಎರಡೇ ದಿನದಲ್ಲಿ ಒಣಗಿತು, ಆದರೆ ನೀರಿಗೆ ಹಾಕಿದರೆ ಹೊಗೆಯ ವಾಸನೆ. ಮಳೆಗಾಲದಲ್ಲಿಯೇ ಹಣ್ಣಾಗುವ ಉಪ್ಪಾಗೆ ಎಂಬ ಇನ್ನೊಂದು ಹುಳಿಹಣ್ಣಿನ ಸಿಪ್ಪೆಯನ್ನು ನಮ್ಮವರು ಹೊಗೆಯಲ್ಲಿಯೇ ಒಣಗಿಸುವುದು, ಅಡುಗೆಯಲ್ಲಿ ಆ ವಾಸನೆ ಹೊಂದುತ್ತದೆ. ಕುಡಿಯುವ ನೀರಿಗೆ ಹೊಂದಲಿಲ್ಲ.

ಉಪ್ಪಾಗೆಯ ಮಾತು ಬಂದದ್ದರಿಂದ ಒಂದು ವಿಷಯ. ಭಾವನ ಮಗ ಬಂದವನು, ಈ ಸಿಪ್ಪೆಯನ್ನು ಪುಡಿ ಮಾಡಿ ಕ್ಯಾಪ್ಸೂಲಿಗೆ ತುಂಬಿದರೆ ತೂಕ ಇಳಿಸುವ ಮಾತ್ರೆಯಾಗುತ್ತದೆಂದು ಹುರುಪಿನಲ್ಲಿ ಹೇಳಿದ. ಉಪ್ಪಾಗೆ ಮತ್ತು ಮುರುಗಲು ಎರಡೂ ಗಾರ್ಸಿನಿಯಾ ಕುಲದವು, ಎರಡರ ಸಿಪ್ಪೆಯಲ್ಲಿಯೂ ಆ ಮಾತ್ರೆಗಳಿಗೆ ಬಳಸುವ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲವಿದೆ ಎಂಬುದು ನಿಜ. ಉಪ್ಪಾಗೆಯ ಸಾರದ ಮಾತ್ರೆ ನುಂಗಿದವರಲ್ಲಿ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿರುವುದೂ ನಿಜ. ಸಾರಿಗೆ ಹಾಕುವ ನಾಲ್ಕು ಹೋಳು ಬೇರೆ, ಸಾರವನ್ನು ಹಿಂಡಿ ಗಟ್ಟಿ ಮಾಡಿ ನುಂಗುವುದು ಬೇರೆ. ಪುಡಿ ಮಾಡಲು ನಾನು ಒಪ್ಪಲಿಲ್ಲ.

ಜೂನ್ 1ರಿಂದ: ಬಳಕೆ

ವೈದ್ಯರನ್ನು ಕೇಳಿ ಆದ ಮೇಲೆ ಆಯಿ ದಿನಕ್ಕೆ 4 ಗ್ರಾಂ, ಅಂದರೆ ಮೂರು ಮಧ್ಯಮ ಹೋಳುಗಳನ್ನು ತೆಗೆದುಕೊಳ್ಳಲಾರಂಭಿಸಿದಳು. ರಾತ್ರಿ ಒಂದು ದೊಡ್ಡ ಲೋಟ ನೀರಿನಲ್ಲಿ ನೆನೆಹಾಕಿ, ಮಧ್ಯಾಹ್ನ ಊಟದ ನಂತರ ಕುಡಿಯುವುದು. ಮೊದಲ ರಾತ್ರಿ ಅವಳು ಎಂದಿನ ಅಭ್ಯಾಸದಂತೆ ತಾಮ್ರದ ತಂಬಿಗೆಗೇ ಹಾಕಹೊರಟಿದ್ದಳು. ತಂತಿಬಲೆಯ ಕಥೆ ನೆನಪಿಸಿ ಗಾಜಿನ ಲೋಟ ಕೊಟ್ಟೆ. ಹುಳಿ ಹಲ್ಲಿಗೆ ಕೂರದಂತೆ ಕುಡಿದ ಮೇಲೆ ಬಾಯಿ ಮುಕ್ಕಳಿಸುತ್ತಾಳೆ.

ನಾನೂ ಅದೇ ನೀರಿನಲ್ಲಿ ಒಂದು ಪಾಲು ಕುಡಿದೆ, ಆದರೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ. ಐದನೆಯ ದಿನ ಎದೆಯುರಿ ಶುರುವಾಗಿ ನಿಲ್ಲಿಸಬೇಕಾಯಿತು. ಪಿತ್ತಕ್ಕೆ ಒಳ್ಳೆಯದೆಂದು ಹೇಳುವ ವಸ್ತುವಿನಿಂದಲೇ ಹುಳಿತೇಗು ಬಂದದ್ದನ್ನು ಆಯಿ ಬಹಳ ದಿನ ಆಡಿಕೊಂಡಳು. ಅವಳ ರಕ್ತದೊತ್ತಡ ಇಳಿದಿದೆ, ಅದು ಮಾತ್ರೆಯಿಂದ ಮತ್ತು ಉಪ್ಪು ಬಿಟ್ಟಿದ್ದರಿಂದ. ಸಿಪ್ಪೆಯ ನೀರಿನಿಂದ ಇಳಿಯಿತೆಂದು ನಾನು ಹೇಳುವುದಿಲ್ಲ. ಮೈ ತುರಿಕೆ ಕಡಿಮೆಯಾಗಿದೆ, ಬಾಯಿ ಒಣಗುವುದು ನಿಂತಿದೆ ಎಂದು ಅವಳು ಹೇಳುತ್ತಾಳೆ.

ಜೂನ್ 20: ತೂಕ ಏರಿದ ಜಾಡಿ

ಹತ್ತೊಂಬತ್ತು ದಿನಕ್ಕೆ 76 ಗ್ರಾಂ ಖರ್ಚಾಗಿ ಜಾಡಿಯಲ್ಲಿ 356 ಗ್ರಾಂ ಉಳಿದಿರಬೇಕಿತ್ತು. ತೂಗಿದರೆ 367. ಹೊರಗೆ ಹಗಲಿರುಳು ಮಳೆ, ಒಳಗೆ ದಿನಕ್ಕೊಮ್ಮೆ ತೆರೆಯುವ ದೊಡ್ಡ ಬಾಯಿಯ ಜಾಡಿ. ಹನ್ನೊಂದು ಗ್ರಾಂ ನೀರನ್ನು ಸಿಪ್ಪೆ ಗಾಳಿಯಿಂದಲೇ ಹೀರಿಕೊಂಡಿತ್ತು. ಕೈಯಿಂದ ಮುಟ್ಟಿ ನೋಡಿದರೆ ಈಗಲೂ ವ್ಯತ್ಯಾಸ ತಿಳಿಯಲಿಲ್ಲ, ಬೂಷ್ಟೂ ಇರಲಿಲ್ಲ, ಆದರೆ ಇನ್ನೊಂದು ತಿಂಗಳು ಹೀಗೆಯೇ ಬಿಟ್ಟಿದ್ದರೆ ಮೇ 18ರ ಬಾಟಲಿಯ ಗತಿಯೇ ಆಗುತ್ತಿತ್ತು. ಬಿಸ್ಕತ್ತಿನ ಡಬ್ಬಿಯ ಗಾಳಿಗೆ ಮೂರು ಗಂಟೆ ಇಟ್ಟಾಗ 354ಕ್ಕೆ ಇಳಿಯಿತು. ಅದನ್ನು ಸಣ್ಣ ಬಾಯಿಯ ಮೂರು ಗಾಜಿನ ಬಾಟಲಿಗಳಿಗೆ ತಲಾ 118 ಗ್ರಾಂನಂತೆ ಹಂಚಿ, ಬಾಟಲಿ ಸಹಿತ ತೂಗಿ, ತೂಕವನ್ನು ಚೀಟಿಯಲ್ಲಿ ಬರೆದು ಅಂಟಿಸಿದೆ. ಒಂದು ಮುಗಿಯುವವರೆಗೆ ಇನ್ನೊಂದರ ಮುಚ್ಚಳ ತೆಗೆಯುವುದಿಲ್ಲ.

ಆಗಸ್ಟ್ 19

ಮೂರನೆಯ ಬಾಟಲಿಯನ್ನು ತೆರೆಯುವ ಮೊದಲು ತಕ್ಕಡಿಯ ಮೇಲಿಟ್ಟೆ. ಎರಡು ತಿಂಗಳ ಹಿಂದಿನ ಚೀಟಿಯಲ್ಲಿ 402 ಗ್ರಾಂ ಎಂದಿತ್ತು, ತಕ್ಕಡಿಯೂ 402 ತೋರಿಸಿತು. ಆಯಿ ಒಂದು ಹೋಳು ತೆಗೆದು ಮಡಿಸಿ, ಉಗುರು ಒತ್ತಿ ನೋಡಿ, ಏನೂ ಹೇಳದೆ ಲೋಟಕ್ಕೆ ಹಾಕಿಕೊಂಡಳು.